ಕರಡಿಗೆ ಉಜ್ಜಿದ ಗಾಯವೆಂದುಕೊಂಡೆ

ರಾಗಿ ಬೀಸುತ್ತಿದ್ದಾಗ ಬಲಗಡೆಯ ಮೊಲೆತೊಟ್ಟು ಮೊದಲ ಸಲ ಉರಿಯಿತು. ಕೊರಳಲ್ಲಿ ಲಿಂಗವಿರುವ ಬೆಳ್ಳಿ ಕರಡಿಗೆ. ಕೈ ತಿರುಗಿದಾಗಲೆಲ್ಲ ಅದು ಅದೇ ಜಾಗಕ್ಕೆ ತಾಗುತ್ತಿತ್ತು.

ಅತ್ತೆಗೆ ಹೇಳಿದೆ.

“ಕರಡಿಗೆ ಉಜ್ಜಿರದು ಕಣಮ್ಮಿ. ಶಿವದಾರವ ಒಸಿ ಮೇಲಕ್ ಕಟ್ಕ, ಕೊಬ್ರಿ ಎಣ್ಣೆ ಅಚ್ಚು” ಎಂದರು.

ದಾರ ಮೋಟು ಮಾಡಿದೆ. ಎಣ್ಣೆ ಹಚ್ಚಿದೆ. ಪೂಜೆಯಾದ ಮೇಲೆ ವಿಭೂತಿಯನ್ನೂ ಸವರಿದೆ. ತೊಟ್ಟಿನ ಮೇಲೆ ಹಕ್ಕಳೆ ಕಟ್ಟುವುದು, ಉದುರುವುದು, ಮತ್ತೆ ಕಟ್ಟುವುದು. ಲಿಂಗದಿಂದ ಗಾಯವಾಯಿತೆಂದು ಹೊರಗೆ ಆಡಿದರೆ ದೋಷವೆಂಬ ಭಯ. ಐವತ್ತರ ಹತ್ತಿರದ ಹೆಂಗಸು ಆ ಜಾಗದ ಮಾತನ್ನು ಯಾರ ಮುಂದೆ ಎತ್ತುವುದೆಂಬ ನಾಚಿಕೆ. ಹೀಗೇ ನಾಲ್ಕು ತಿಂಗಳು ನುಂಗಿಕೊಂಡೆ.

ಒಂದು ಬೆಳಿಗ್ಗೆ ಕುಪ್ಪಸ ಮೈಗೆ ಅಂಟಿತ್ತು.

ರಕ್ತ.

ಯಜಮಾನರು ಗಾಡಿ ಕಟ್ಟಿದರು. ಚಾಮರಾಜನಗರದ ಲೇಡಿ ಡಾಕ್ಟರು ನೋಡಿದರು. ಕಂಕುಳು ಒತ್ತಿದರು.

“ಕರಡಿಗೆ ಉಜ್ಜಿರದು, ಡಾಕ್ಟ್ರಮ್ಮಾ. ದಾರವ ಮೇಲಕ್ ಕಟ್ಟಿ ನಾಕ್ ತಿಂಗ್ಳಾಯ್ತು” ಅಂದೆ.

“ಉಜ್ಜಿದ್ದಾದರೆ ದಾರ ಮೇಲೆ ಕಟ್ಟಿದ ಹದಿನೈದು ದಿನದಲ್ಲಿ ಮಾಯಬೇಕಿತ್ತು. ಮುಟ್ಟಿಗೆ ಮುಂಚೆ ಎರಡೂ ಕಡೆ ನೋಯುತ್ತೆ, ತಾನೇ ಹೋಗುತ್ತೆ. ಹಾಲು ಕುಡಿಸುವವರಿಗೆ ತೊಟ್ಟು ಬಿರಿಯುತ್ತೆ; ಕೆಂಪಾಗಿ ಜ್ವರ ಬಂದರೆ ನಮ್ಮ ಹತ್ತಿರ ಬರಬೇಕು, ಔಷಧಿ ಇದೆ. ಆದರೆ ಒಂದೇ ಕಡೆ ಮಾಯದ ಗಾಯ ಆದರೆ ಒಂದು ದಿನವೂ ಕಾಯಬಾರದಮ್ಮ. ರಕ್ತ ಬರೋವರೆಗೆ ಇಟ್ಟುಕೊಂಡಿರಲ್ಲ.”

ಮೈಸೂರಿಗೆ ಕಳಿಸಿದರು. ಚೂರು ಕತ್ತರಿಸಿ ಟೆಸ್ಟ್ ಮಾಡಿದರು.

ಕ್ಯಾನ್ಸರ್.

ಆಪರೇಷನ್ ದಿನ ಕೊರಳಲ್ಲಿ ಏನೂ ಇರಕೂಡದು ಎಂದರು. ಲಿಂಗ ಮೈಬಿಟ್ಟರೆ ನಮಗೆ ಪ್ರಾಣ ಬಿಟ್ಟ ಹಾಗೆ. ನಾನು ಅಳುವುದನ್ನು ನೋಡಿದ ಮಲೆಯಾಳದ ನರ್ಸು, ಕರಡಿಗೆಯನ್ನು ಬಟ್ಟೆಯಲ್ಲಿ ಸುತ್ತಿ ನನ್ನ ಎಡಗೈಗೆ ಕಟ್ಟಿದಳು. ಎಚ್ಚರವಾದಾಗ ಕೈಯಲ್ಲೇ ಇತ್ತು. ಬಲಗಡೆ ಏನೂ ಇರಲಿಲ್ಲ.

ಮನೆಗೆ ಬಂದ ದಿನ ಅತ್ತೆ ಹತ್ತಿರ ಕೂತರು. “ನಾನೇ ನಿನ್ನ ತಡಮಾಡ್ಬುಟ್ಟೆ ಕಣಮ್ಮಿ.” ಆಮೇಲೆ ಕಣ್ಣೊರೆಸಿಕೊಂಡು, “ಬಲಗೈ ಏಳಕಿಲ್ಲ ಅಂತ ಮುದ್ದೆ ತಿರುವದ ತಪ್ಪಿಸ್ಕಂಡೆಯಲ್ಲ, ಕಳ್ಳಿ” ಅಂದರು. ಇಬ್ಬರೂ ನಕ್ಕೆವು. ಹೊಲಿಗೆ ಎಳೆಯಿತು.

ಕಂಕುಳಲ್ಲೂ ಒಂದು ಗಂಟಿತ್ತಂತೆ, ತೆಗೆದಿದ್ದಾರೆ. ಇನ್ನೆಲ್ಲಾದರೂ ಹರಡಿದೆಯೇ ಎಂದು ಕೇಳಿದ್ದಕ್ಕೆ ಡಾಕ್ಟರು, “ಮೂರು ತಿಂಗಳಿಗೊಮ್ಮೆ ಬನ್ನಿ” ಎಂದಷ್ಟೇ ಹೇಳಿದರು. ಶಿವ ಮೂರು ತಿಂಗಳನ್ನಂತೂ ಕೊಟ್ಟಿದ್ದಾನೆ.

ಬಲಗೈ ಹೆಗಲಿಗಿಂತ ಮೇಲೆ ಏಳುವುದಿಲ್ಲ. ಹಿತ್ತಲಿನ ಬಟ್ಟೆ ಹಗ್ಗವನ್ನು ಯಜಮಾನರು ನಾನು ಹೇಳದೆಯೇ ಒಂದು ಮೊಳ ತಗ್ಗಿಸಿ ಕಟ್ಟಿದ್ದಾರೆ. ಒಗೆದ ಸೀರೆ ಕಲ್ಲಿನ ಮೇಲಿದೆ. ಹರವಬೇಕು.