ಬಂದ್ ಆದ ಅಂಗಡಿಗೆ ಬಂದ ಪತ್ರ

ಖಾನಾಪುರದಲ್ಲಿ ನನ್ನದು ಪೈಪು, ನಳಗಳ ಅಂಗಡಿ. ಮೊಬೈಲ್ ನಕಾಶೆಯಲ್ಲಿ ಅದು ‘ಕಾಯಂ ಬಂದ್’ ಎಂದು ಯಾರೋ ಹಾಕಿಬಿಟ್ಟಿದ್ದರು. ಅದನ್ನು ನೋಡಿ ಬೆಳಗಾವಿಯ ಗುತ್ತಿಗೆದಾರರು ಬೇರೆ ಅಂಗಡಿ ಹಿಡಿದರು. ನಕಾಶೆಯವರಿಗೆ ದೂರು ಕೊಟ್ಟೆ. ಅಂಗಡಿಯ ವಿಳಾಸಕ್ಕೆ ಪತ್ರ ಕಳಿಸುತ್ತೇವೆ, ಅದರೊಳಗಿನ ನಂಬರು ತಿಳಿಸಿದರೆ ಅಂಗಡಿ ಇರುವುದು ಖರೆ ಎಂದು ನಂಬುತ್ತೇವೆ, ಬೋರ್ಡಿನ ಫೋಟೊವೂ ಬೇಕು ಎಂದರು. ಮಾಸಿದ ಬೋರ್ಡನ್ನು ಇಳಿಸಿ ಬಣ್ಣಕ್ಕೆ ಕೊಟ್ಟೆ.

ಬೋರ್ಡು ವಾಪಸ್ ಬರುವ ಮೊದಲೇ ಕೊರಿಯರಿನವನು ಬಂದು ಲಕೋಟೆ ತೋರಿಸಿದ. “ಕಾಕಾ, ಈ ಅಂಗಡಿ ಮೊದಲ ಎಲ್ಲಿತ್ರಿ?”

“ಇದ ಅದು. ಕೊಡು ಪತ್ರ.”

“ನಕಾಶದಾಗ ಬಂದ್ ಐತಲ್ರಿ. ಚಾಲೂ ಐತಿ ಅನ್ನಾಕ ಪುರಾವೆ?”

“ಅಲ್ಲೋ ತಮ್ಮಾ, ಪುರಾವೆ ನಿನ್ನ ಕೈಯಾಗ ಐತಿ!”

“ಬಂದ್ ಆದ ಅಂಗಡಿ ಪತ್ರ ವಾಪಸ್ ಹೋಗಬೇಕ್ರಿ.”

ವಾದ ಮಾಡಿದರೆ ವ್ಯಾಪಾರ ಆಗುವುದಿಲ್ಲ. “ಮನ್ಯಾಗ ನಳ ಸೋರತೈತೇನು?” ಎಂದೆ. ಸೋರುತ್ತಿತ್ತು. ಒಂದು ನಳ ಕಟ್ಟಿಕೊಟ್ಟು, ಅಂಗಡಿಯ ಹೆಸರಿದ್ದ ಬಿಲ್ಲು ಹರಿದುಕೊಟ್ಟೆ. ಆತ ಬಿಲ್ಲನ್ನು ಲಕೋಟೆಯ ಬಾಜು ಹಿಡಿದು ಹೆಸರು ತಾಳೆ ನೋಡಿ ಪತ್ರ ಕೊಟ್ಟ.

ಕೊಟ್ಟವನೇ, “ರೇಟ್ ಭಾಳ ಆತ್ರಿ, ಕಾಕಾ” ಎಂದು ಚೌಕಾಸಿಗೆ ನಿಂತ. ಅಂಗಡಿ ಚಾಲೂ ಇದೆ ಎಂದು ನನಗೂ ಖಾತ್ರಿಯಾದದ್ದು ಆಗಲೇ.