ಮಕ್ಬೂಲ ಮಿಸ್ತ್ರಿಯ ಒಂದು ಮುಚ್ಚಳ ಎಣ್ಣೆ

ಬೀದರದ ಗಾಂಧಿ ಗಂಜ ಮಾರುಕಟ್ಟೆಯ ನಟ್ಟನಡುವೆ ಸುಶೀಲಕುಮಾರ ಮಾಸ್ತರರ ಹಳೆಯ ಜೀಪು ನಿಂತೇಬಿಟ್ಟಿತು. ಹಮಾಲರು ನಗುನಗುತ್ತ ಅದನ್ನು ಮಕ್ಬೂಲ ಮಿಸ್ತ್ರಿಯ ಗಾಡಿ ರಿಪೇರಿ ಅಂಗಡಿಯವರೆಗೆ ದಬ್ಬಿದರು; ಮಾಸ್ತರರು ತಲೆ ತಗ್ಗಿಸಿ ಸ್ಟೀರಿಂಗ್ ಹಿಡಿದು ಕೂತಿದ್ದರು. ಔರಾದದ ಲಾರಿ ಬೀದರ ಮುಟ್ಟುವ ಮೊದಲೇ ಅದರ ಕೆಮ್ಮು ಕೇಳಿ ನಟ್ಟು ಬಿಚ್ಚುವ ಪಾನಾ ತೆಗೆದಿಡುವವನು ಈ ಮಿಸ್ತ್ರಿ. ಮದುವೆಗೆ ಹೋದರೆ ಮದುಮಗನಿಗಿಂತ ಮೊದಲು ಅವನ ಗಾಡಿಯ ಕ್ಷೇಮ ಕೇಳುವವನು. “ಈಗಿನ ಡೀಸಲದಾಗ ಗಂಧಕ ತೆಗೆದಾರ್ರಿ, ಅದರ ಸಂಗಡ ಜಿಡ್ಡೂ ಹೋಗ್ಯದ. ಹಳೀ ಗಾಡಿ ಪಂಪಿನ ಗಂಟಲ ಒಣಗ್ತದ. ಟಾಕಿ ತುಂಬಿಸಿದಾಗೊಮ್ಮೆ ಒಂದು ಮುಚ್ಚಳ ಎಣ್ಣಿ ಹಾಕ್ರಿ” ಎಂಬುದು ಅವನ ಬಾಯಲ್ಲಿ ಸಲಾಮಿಗಿಂತ ಮೊದಲು ಬರುವ ಮಾತು. ನಾಲ್ಕು ವರ್ಷದ ಹಿಂದೆ ಮಾಸ್ತರರು, “ನನ್ನ ತಲಿಗಿ ಹಚ್ಚಿ ಉಳಿದಿದ್ದು ಹಾಕ್ಲೇನು?” ಎಂದು ಪಕ್ಕದ ಚಹಾದಂಗಡಿಯನ್ನೆಲ್ಲ ನಗಿಸಿದ್ದರು, ಎಣ್ಣೆ ಮಾತ್ರ ಒಮ್ಮೆಯೂ ಹಾಕಲಿಲ್ಲ. ಇಂದು ಪಂಪು ಬಿಚ್ಚುತ್ತ ಮಿಸ್ತ್ರಿಯೇ, “ತಪ್ಪು ನಂದೇರಿ” ಎಂದ. “ಮಗಳ ಮನಿ ಕಟ್ಟಸ್ಲಾಕ ಎರಡು ತಿಂಗಳು ಭಾಲ್ಕಿಯಾಗ ಇದ್ದೆ. ಇಲ್ಲಾಂದ್ರ ಈ ನಾಕು ವರ್ಷ ಹಾಕಿದಂಗ, ನೀವು ಬಾಜೂಕ ಚಹಾ ಕುಡಿಯಾಗ ನಾನೇ ಹಾಕ್ತಿದ್ದೆ.” ಮಾಸ್ತರರಿಗೆ ಮತ್ತೆ ಹಮಾಲರ ಮುಂದೆ ನಿಂತರೂ ಆದೀತು, ಈ ಮಿಸ್ತ್ರಿಯ ಮುಂದೆ ಬೇಡ ಎನಿಸಿತು. “ಹಾಕ್ತೇನಿ ಅಂತ ಒಂದು ಮಾತು ಯಾಕ ಹೇಳಲಿಲ್ಲ, ಮಿಸ್ತ್ರಿ?” ಮಿಸ್ತ್ರಿ ತಲೆಯೆತ್ತಲಿಲ್ಲ. “ನಿಮಗ ಹೇಳಿದಾಗ ನೀವು ನಕ್ರಿ, ಮಾಸ್ತರ್ರೆ. ಗಾಡಿ ನಗಲಿಲ್ಲರಿ.”