ನಿಂತೇ ಬದಲಾಯಿಸಿದ ತಾಂಬೂಲ

ಕಲ್ಯಾಣದುರ್ಗದಲ್ಲಿ ನನ್ನ ಮೊಮ್ಮಗಳ ಸಂಬಂಧ ಮುರಿಯುವ ಹಂತಕ್ಕೆ ಬಂದದ್ದು ಜಾತಕದಿಂದಲೂ ಅಲ್ಲ, ವರದಕ್ಷಿಣೆಯಿಂದಲೂ ಅಲ್ಲ. ಅವಳಪ್ಪನ, ಅಂದರೆ ನನ್ನ ಮಗನ ಮೂಲವ್ಯಾಧಿಯಿಂದ. ಬೇರೆ ಕಥೆ ಕಟ್ಟುವವರಿದ್ದಾರೆ, ನಂಬಬೇಡಿ.

ಮನುಷ್ಯ ಕೂರುವುದನ್ನು ಯಾರು ಗಮನಿಸುತ್ತಾರೆ ಹೇಳಿ? ನಮ್ಮದು ಹಿಂದೂಪುರದ ನೇಕಾರರ ಮನೆ. ಮಗ್ಗದ ಹಲಗೆಯ ಮೇಲೆ ಕೂತು ಕೂತೇ ನಮ್ಮ ಆಯಸ್ಸು ಸವೆಯುವುದು. ಅಂಥ ಕುಲದಲ್ಲಿ ಹುಟ್ಟಿದ ನನ್ನ ಮಗ ನಾಗರಾಜ, ಅವತ್ತು ಮೊಮ್ಮಗಳನ್ನೂ ಕರೆದುಕೊಂಡು ತಾಂಬೂಲಕ್ಕೆಂದು ಗಂಡಿನ ಮನೆಗೆ ಹೊರಟಾಗ, ಬಸ್ಸಿನಲ್ಲಿ ಸಿಕ್ಕ ಸೀಟನ್ನು ಯಾರಿಗೋ ಬಿಟ್ಟುಕೊಟ್ಟು, ಪೆನುಕೊಂಡ ದಾಟಿದರೂ ನಿಂತೇ ಬಂದ. ಎಂಥ ಸಂಸ್ಕಾರವಂತನನ್ನು ಹೆತ್ತೆನಪ್ಪಾ ಎಂದು ಒಳಗೊಳಗೇ ಉಬ್ಬಿದೆ. ನನ್ನಂಥ ದಡ್ಡಿ ಇನ್ನೊಬ್ಬಳಿರಲಾರಳು.

ತಾಂಬೂಲ ಬದಲಾಯಿಸುವಾಗ ಎರಡೂ ಕಡೆಯ ತಂದೆಯರು ಒಂದೇ ಚಾಪೆಯ ಮೇಲೆ ಎದುರುಬದುರು ಕೂರಬೇಕು. ನಮ್ಮಲ್ಲಿ ಅದೇ ಮಾತು ಕೊಟ್ಟ ಗುರುತು. ಗಂಡಿನ ತಂದೆ ಕೂತರು. ನನ್ನ ಮಗ ಕಂಬ ಹಿಡಿದು ನಿಂತ.

"ಕೂರ್ಚೋಂಡಿ ಬಾವಗಾರು," ಎಂದು ಅವರು ತೆಲುಗಿನಲ್ಲಿ ಮೂರು ಸಲ ಕೂರಲು ಕರೆದರು. ಇವನು ಹಲ್ಲು ಕಿರಿದ, ಅಷ್ಟೇ. ಗಂಡಿನ ದೊಡ್ಡಪ್ಪ ಸಿಡಿದೆದ್ದ.

"ಯಾಕಪ್ಪಾ, ನಮ್ಮನೆ ಚಾಪೆ ಮುಳ್ಳು ಬಿಟ್ಟೈತಾ? ಇಷ್ಟ ಇಲ್ದಿದ್ರೆ ತಟ್ಟೆ ಎತ್ಕೊಂಡು ನಡೀರಿ!"

ಒಳಗೆ ಮೊಮ್ಮಗಳು ಬಿಕ್ಕಿದ್ದು ಕೇಳಿಸಿತು. ಆ ಹುಡುಗನೇ ಬೇಕೆಂದು ಎರಡು ವರ್ಷ ಹಟ ಹಿಡಿದವಳು ಅವಳು.

ಮಗನನ್ನು ಹಿತ್ತಲಿಗೆ ಎಳೆದೆ. "ಏನ್ಲಾ, ಮೈಮೇಲೆ ಬಂದೈತಾ ನಿಂಗೆ?"

"ಮೂಲವ್ಯಾಧಿ ಕಣವ್ವಾ. ಕೂತ್ರೆ ಜೀವ ಹೋಯ್ತೈತೆ. ರಕ್ತಾನೂ ಬೀಳ್ತೈತೆ. ತಿಂಗ್ಳಾಯ್ತು. ಯಾರ್ಗೂ ಹೇಳ್ಬ್ಯಾಡ."

ಸಿಡಿಲು ಬಡಿದಂತಾಯಿತು. ತೊಳೆದು ಬಳಿದು ಬೆಳೆಸಿದ ಕೈ ಇದು! ರೇಷ್ಮೆ ಬಂದಿಲ್ಲವೆಂದು ಅವನು ಮಗ್ಗ ನಿಲ್ಲಿಸಿದಾಗ ನಂಬಿದೆ. ನಿಂತುಕೊಂಡೇ ಮುದ್ದೆ ನುಂಗುವಾಗ ಯಾಕೆಂದು ಕೇಳಲಿಲ್ಲ. ಈಗ ಮಗನ ಮಾನ ಮುಚ್ಚಿದರೆ ಮೊಮ್ಮಗಳ ಬಾಳು ಹೋಗುತ್ತದೆ. ನಡುಮನೆಗೆ ಬಂದು ಹೇಳಿಯೇಬಿಟ್ಟೆ:

"ಅಹಂಕಾರ ಅಲ್ಲ ಕಣಪ್ಪಾ. ನನ್ ಮಗನ್ಗೆ ಪೈಲ್ಸು. ಕೂರಕ್ಕಾಗಲ್ಲ."

ಹೆಂಗಸರ ಸೆರಗು ಬಾಯಿಗೆ ಹೋಯಿತು. ಪುರೋಹಿತರು ಪಂಚಾಂಗದಲ್ಲಿ ಮುಖ ಹುದುಗಿಸಿದರು. ಮೊದಲು ಬಾಯಿ ಬಿಟ್ಟವಳು ಗಂಡಿನ ತಾಯಿ.

"ಅಯ್ಯೋ, ನಮ್ ಯಜಮಾನ್ರೂ ಹಿಂಗೇ ಬಚ್ಚಿಟ್ಕೊಂಡು ಆಪ್ರೇಷನ್‌ಗಂಟ ತಂದ್ಬುಟ್ರು ಕಣಮ್ಮಾ. ಮೊದ್ಲೇ ಬಂದಿದ್ರೆ ಮುಲಾಮಲ್ಲೇ ವಾಸಿಯಾಗ್ತಿತ್ತು ಅಂತ ಡಾಕ್ಟ್ರು ಬೈದ್ರು!"

ಬೀಗರು ಹೆಂಡತಿಯನ್ನು ನುಂಗುವಂತೆ ನೋಡಿದರು. ಆಮೇಲೆ ಏನನ್ನಿಸಿತೋ, ಚಾಪೆಯಿಂದೆದ್ದು ಪಂಚೆ ಸರಿಮಾಡಿಕೊಂಡರು. "ಬನ್ನಿ ಬಾವ, ನಿಂತೇ ಬದ್ಲಾಯಿಸ್ಕೊಳ್ಳಾಣ." ದೊಡ್ಡಪ್ಪ ಗೊಣಗಿದರೂ ಯಾರೂ ಕಿವಿಗೊಡಲಿಲ್ಲ. ತಾಂಬೂಲ ಕೈಯಿಂದ ಕೈಗೆ ಹೋಯಿತು.

ಮಾರನೆಯ ಬೆಳಿಗ್ಗೆ ಮಗನನ್ನು ಹಿಂದೂಪುರದ ಆಸ್ಪತ್ರೆಗೆ ಎಳೆದೊಯ್ದೆ. ಡಾಕ್ಟರಮ್ಮ ಪರೀಕ್ಷೆ ಮಾಡಿ, ಇನ್ನೂ ಮೊದಲ ಹಂತ ಎಂದು ಮುಲಾಮು ಬರೆದರು. ನೀರು, ಸೊಪ್ಪು ಹೆಚ್ಚು ಮಾಡಬೇಕು, ಗಂಟೆಗೊಮ್ಮೆ ಮಗ್ಗದಿಂದ ಏಳಬೇಕು, ರಕ್ತ ನಿಲ್ಲದಿದ್ದರೆ ಮತ್ತೆ ಬರಲೇಬೇಕು ಎಂದರು. ಅವನು ಚೀಟಿ ಹಿಡಿದು ಹೊರಬಿದ್ದ. ನಾನು ಏಳಲಿಲ್ಲ. ಅವನನ್ನು ಹೆತ್ತಾಗಿನಿಂದ ನನಗೂ ಅದೇ ಇದೆ, ಅವನಪ್ಪನಿಗೂ ಹೇಳಿರಲಿಲ್ಲ. ಮಗನ ಬೆನ್ನ ಹಿಂದೆಯೇ ಬಾಗಿಲು ಹಾಕಿ, ಚಿಲಕ ಜಡಿದು, ಡಾಕ್ಟರಮ್ಮನ ಪರೀಕ್ಷೆಯ ಮಂಚ ಹತ್ತಿದೆ.